ತುಪ್ಪದಂಗಡಿಯ ಮೂಗು

ಬೇಗಂಬಜಾರಿನಲ್ಲಿ ತುಪ್ಪದ ಅಂಗಡಿ ಇಟ್ಟವರು ಹಲವರಿದ್ದರು. ಆದರೆ ಯಾವುದಾದರೂ ಡಬ್ಬಿಯ ಬಗ್ಗೆ ಇಬ್ಬರಲ್ಲಿ ಜಗಳ ಬಿದ್ದರೆ ಅದನ್ನು ಎತ್ತಿಕೊಂಡು ಸೂಗಪ್ಪನ ಹತ್ತಿರ ಹೋಗುವುದು ಅಲ್ಲಿಯ ರೂಢಿ. ಅವನ ಅಪ್ಪ ಲಿಂಗಸುಗೂರಿನಿಂದ ತೆಲುಗು ಸೀಮೆಯ ಈ ನಗರಕ್ಕೆ ಬಂದು ಹಾಕಿದ ಅಂಗಡಿ ಅದು. ಸೂಗಪ್ಪ ಬೆರಳ ತುದಿಯಷ್ಟು ತುಪ್ಪ ತೆಗೆದು ಮುಂಗೈ ಮೇಲೆ ತಿಕ್ಕಿ, ಕಣ್ಣು ಮುಚ್ಚಿ ಮೂಗಿನ ಬಳಿ ತರುತ್ತಿದ್ದ. ಆಕಳದೋ ಎಮ್ಮೆಯದೋ, ಬೆಣ್ಣೆ ಎಷ್ಟು ದಿನ ಹಳತು, ಕಾಸುವಾಗ ಉರಿ ಹೆಚ್ಚಾಯಿತೋ ಕಡಿಮೆಯಾಯಿತೋ, ಎಲ್ಲ ಹೇಳುತ್ತಿದ್ದ. ಐವತ್ತನಾಲ್ಕು ವರ್ಷದ ಮನುಷ್ಯ, ಬೇರೆ ಯಾವ ವಿಷಯದಲ್ಲೂ ಅವನ ಮಾತಿಗೆ ಅಂಥ ತೂಕವಿರಲಿಲ್ಲ.

೧೯೯೪ರ ಜನವರಿಯಲ್ಲಿ ಹೆಂಡತಿ ಬಸಲಿಂಗಮ್ಮನನ್ನು ಕರೆದುಕೊಂಡು ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನ ನೋಡಿ ಬಂದ. ಮೂರನೆಯ ದಿನಕ್ಕೆ ಮೈ ಸುಡುವ ಜ್ವರ, ಕಟ್ಟಿದ ಮೂಗು. ಒಂಬತ್ತು ದಿನ ಮಲಗಿ ಎದ್ದ. ನೆಗಡಿ ಹೋಯಿತು, ಉಸಿರು ಸಲೀಸಾಯಿತು. ಅಂಗಡಿಗೆ ಬಂದ ಮೊದಲ ದಿನವೇ ಮಖ್ತಲ್ ಕಡೆಯಿಂದ ಅಮರೇಶಪ್ಪ ಆರು ಡಬ್ಬಿ ಇಳಿಸಿದ್ದ. ಇಪ್ಪತ್ತು ವರ್ಷದಿಂದ ತುಪ್ಪ ತಂದುಕೊಡುವ ಮನುಷ್ಯ. ಸೂಗಪ್ಪ ಎಂದಿನಂತೆ ಮುಂಗೈಗೆ ತಿಕ್ಕಿ ಮೂಗಿಗೆ ತಂದ.

ಏನೂ ಇಲ್ಲ. ಕೆಟ್ಟ ವಾಸನೆಯಿಲ್ಲ, ಒಳ್ಳೆಯ ವಾಸನೆಯೂ ಇಲ್ಲ. ನೀರು ಹಚ್ಚಿಕೊಂಡಂತೆ.

ಇನ್ನೊಮ್ಮೆ ತಿಕ್ಕಿದ, ಇನ್ನೊಮ್ಮೆ ಎಳೆದ. ಅಮರೇಶಪ್ಪ ನೋಡುತ್ತಾ ನಿಂತಿದ್ದ.

“ಚಲೋ ಐತಿ, ಇಳಸು” ಎಂದ ಸೂಗಪ್ಪ.

ವಾರದ ಮೇಲೆ ದತ್ತಾತ್ರೇಯ ಆಚಾರ್ಯರು ರಿಕ್ಷಾದಲ್ಲಿ ಒಂದು ಡಬ್ಬಿ ಹಾಕಿಕೊಂಡು ಬಂದರು. ಹಿಮಾಯತ್‌ನಗರದಲ್ಲಿದ್ದುಕೊಂಡು ಊರಿನ ಕನ್ನಡದವರ ಮದುವೆ ಮುಂಜಿಗಳಿಗೆ ಅಡಿಗೆ ಮಾಡುವವರು ಅವರು. ಕೂಗಾಡುವ ಸ್ವಭಾವದವರಲ್ಲ. ಡಬ್ಬಿಯನ್ನು ಗದ್ದಿಗೆಯ ಮುಂದಿಟ್ಟು ಮುಚ್ಚಳ ತೆಗೆದರು.

“ಸೂಗಪ್ಪನವರ, ಸ್ವಲ್ಪ ವಾಸನಿ ನೋಡ್ರಿ ಇದರದು.”

ಸೂಗಪ್ಪ ಬಗ್ಗಿ ನೋಡಿದ. ಏನಾದರೂ ಹೇಳಲೇಬೇಕಿತ್ತು. ಮುಖ ಸಿಂಡರಿಸಿ, “ಹೌದ್ರಿ ಆಚಾರ್ರ, ಸೀದೈತಿ” ಎಂದ.

ಆಚಾರ್ಯರು ಅವನ ಮುಖವನ್ನೇ ನೋಡಿದರು. “ಸೀದಿಲ್ಲ. ಕಮಟು ಹತ್ತೇತಿ. ಬಾಗಿಲದಾಗ ನಿಂತವರಿಗೂ ಹೊಡೀತದ.”

“ನೆಗಡ್ಯಾಗಿತ್ತು ನೋಡ್ರಿ, ಇನ್ನೂ ಮೂಗು ಸುದ್ದ ಆಗಿಲ್ಲ” ಎಂದು ಸೂಗಪ್ಪ ಬೇರೆ ಡಬ್ಬಿ ಕೊಟ್ಟು ಕಳಿಸಿದ. ಆ ಡಬ್ಬಿ ಹೇಗಿತ್ತೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಊಟಕ್ಕೆ ಹೋದವನು ನೇರ ಅಡಿಗೆಮನೆಗೆ ಹೋಗಿ ಇಂಗಿನ ಡಬ್ಬಿ ತೆರೆದ. ಆಮೇಲೆ ದೇವರ ಜಗಲಿಯ ಮೇಲಿನ ಕರ್ಪೂರ, ಸೀಮೆಎಣ್ಣೆಯ ಡಬ್ಬ, ಹಿತ್ತಿಲಲ್ಲಿಟ್ಟ ಫಿನಾಯಿಲು. ಫಿನಾಯಿಲು ಮೂಗಿನೊಳಗೆ ಚುರ್ರೆಂದು ಕಣ್ಣಲ್ಲಿ ನೀರು ಬಂತು, ವಾಸನೆ ಮಾತ್ರ ಇಲ್ಲ. ತಿರುಗಿ ನೋಡಿದರೆ ಬಸಲಿಂಗಮ್ಮ ಬಾಗಿಲಲ್ಲಿ ನಿಂತಿದ್ದಳು.

“ಹೋಗೇತಿ ಅಲ್ಲ?” ಎಂದಳು.

“ನಿನಗ ಹ್ಯಾಂಗ ಗೊತ್ತು?”

“ಎರಡು ವಾರ ಆತು, ನನ್ನ ಅಡಿಗಿಗೆ ನೀವು ಒಂದ ಮಾತೂ ಅಂದಿಲ್ಲ. ಮೊನ್ನಿ ಹಾಲು ತಳ ಹತ್ತಿತ್ತು, ಹಂಗ ಚಹಾ ಮಾಡಿ ಕೊಟ್ಟೆ. ಕುಡದ್ರಿ.”

ಸೂಗಪ್ಪ ಒಲೆಯ ಕಟ್ಟೆಗೆ ಒರಗಿ ನಿಂತ. ಅಂಗಡಿ ಮುಚ್ಚುವುದೇ ಸರಿ, ಇಲ್ಲವಾದರೆ ಹೆಸರು ಹಾಳಾಗುತ್ತದೆ ಎಂದ. ಬಸಲಿಂಗಮ್ಮ ರೊಟ್ಟಿ ಬಡಿಯತೊಡಗಿದಳು. ತವರಿನಲ್ಲಿ ಹನ್ನೊಂದು ಎಮ್ಮೆ ಇದ್ದವು. ಮದುವೆಯಾಗುವ ತನಕ ಬೆಣ್ಣೆ ಕಾಸಿದವಳು ಅವಳೇ.

“ನಾ ಬರ್ತೀನಿ” ಎಂದಳು. “ನಿಮ್ಮ ಮೂಗು ಬರೂತನಕ ಅಷ್ಟ.”

ಬೇಗಂಬಜಾರಿನ ಗದ್ದಿಗೆಯ ಮೇಲೆ ಹೆಣ್ಣುಮಕ್ಕಳು ಕೂಡುವ ಪದ್ಧತಿ ಇರಲಿಲ್ಲ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಬಸಲಿಂಗಮ್ಮ ಆ ಅಂಗಡಿಗೆ ಬಂದದ್ದು ದೀಪಾವಳಿಯ ಪೂಜೆಗೆ ಮಾತ್ರ. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಕಳಿಸಿದ ಮೇಲೆ ಮನೆಯಲ್ಲಿ ಅವಳೊಬ್ಬಳೇ ಇರುತ್ತಿದ್ದಳು. ಸೂಗಪ್ಪ ಒಂದು ಉಪಾಯ ಮಾಡಿದ. ಅಂಗಡಿಯ ಹಿಂದೆ ಖಾಲಿ ಡಬ್ಬಿ ತುಂಬುವ ಒಂದು ಕೋಣೆ ಇತ್ತು. ಅವಳು ಬೆಳಿಗ್ಗೆ ಹಿಂದಿನ ಓಣಿಯಿಂದ ಬಂದು ಅಲ್ಲಿ ಕೂಡುತ್ತಿದ್ದಳು. ಮಾಲು ಬಂದರೆ ಸೂಗಪ್ಪ ಚಮಚದಲ್ಲಿ ತುಪ್ಪ ತೆಗೆದುಕೊಂಡು, “ಬಿಸಲಿಗೆ ಹಿಡದು ಬಣ್ಣ ನೋಡ್ಕೊಂಡ್ ಬರ್ತೀನಿ” ಎಂದು ಒಳಗೆ ಹೋಗುತ್ತಿದ್ದ. ಕೋಣೆಗೆ ಕಿಟಕಿಯೇ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಅವಳು ಮೂಸಿ ಪಿಸುಮಾತಿನಲ್ಲಿ ಹೇಳಿದ್ದನ್ನು ಇವನು ಹೊರಗೆ ಬಂದು ಗಟ್ಟಿಯಾಗಿ ಹೇಳುತ್ತಿದ್ದ.

ಡಾಕ್ಟರರ ಹತ್ತಿರ ಹೋಗಲು ಒತ್ತಾಯ ಮಾಡಿದವಳೂ ಅವಳೇ. ಹಿಮಾಯತ್‌ನಗರದಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರ್ ಪ್ರಫುಲ್ಲಾ ಅಂತ ಒಬ್ಬರು. ಅವರ ತಂದೆ ಮೈಸೂರಿನಿಂದ ರಕ್ಷಣಾ ಇಲಾಖೆಯ ಕಾರ್ಖಾನೆಗೆ ಬಂದವರು, ಹಾಗಾಗಿ ಮನೆಮಾತು ಕನ್ನಡ. ಪ್ರಫುಲ್ಲಾ ಅವನ ಮೂಗಿನೊಳಗೆ ದೀಪ ಬಿಟ್ಟು ನೋಡಿದರು, ನಾಲ್ಕಾರು ಸಣ್ಣ ಶೀಶೆಗಳನ್ನು ಮೂಸಲು ಕೊಟ್ಟರು. ಒಂದೂ ತಿಳಿಯಲಿಲ್ಲ.

“ಜ್ವರದ ವೈರಸ್ಸು ವಾಸನೆಯ ಪದರವನ್ನು ಸುಟ್ಟುಹಾಕಿದೆ” ಎಂದರು.

“ನರಾನ ಸತ್ತಾವೇನ್ರಿ?”

“ಬಹಳಷ್ಟು ಸತ್ತಿವೆ.”

ಸೂಗಪ್ಪ ತಲೆಯಾಡಿಸಿದ. “ನಮ್ಮ ಕಾಕಾಗ ಲಕ್ವಾ ಹೊಡದಿತ್ತು. ಹನ್ನೊಂದು ವರ್ಷ ಹಾಸಿಗಿ ಮ್ಯಾಲಿದ್ದ. ಸತ್ತ ನರ ತಿರಗಿ ಹುಟ್ಟಂಗಿಲ್ಲ ಅಂತ ಆಗ ದೊಡ್ಡ ಡಾಕ್ಟರ್ ಹೇಳಿದ್ರು.”

“ಅವರು ಹೇಳಿದ್ದು ಸರಿ. ಇದು ಬೇರೆ.” ಪ್ರಫುಲ್ಲಾ ಒಂದು ಹಾಳೆ ತೆಗೆದು ಮೂಗಿನ ಚಿತ್ರ ಬರೆದರು. “ಇಲ್ಲಿ, ಹುಬ್ಬುಗಳ ನಡುವೆ ಒಳಗಡೆ, ಅಂಚೆ ಚೀಟಿಯಷ್ಟು ಜಾಗ. ವಾಸನೆ ಹಿಡಿಯೋ ನರಕೋಶಗಳು ಇರೋದು ಇಷ್ಟರಲ್ಲೇ. ಮೈಯೊಳಗಿನ ಬೇರೆ ನರಗಳೆಲ್ಲ ಚರ್ಮದ ಕೆಳಗೆ, ಮೂಳೆಯೊಳಗೆ ಬೆಚ್ಚಗಿರ್ತವೆ. ಇವು ಮಾತ್ರ ಗಾಳಿಗೆ ಮುಖ ಕೊಟ್ಟುಕೊಂಡಿರ್ತವೆ. ಧೂಳು, ಹೊಗೆ, ರೋಗ, ಎಲ್ಲ ನೇರವಾಗಿ ಇವಕ್ಕೇ ತಾಗತ್ತೆ. ಆದ್ದರಿಂದ ಹೆಚ್ಚು ದಿನ ಬಾಳಲ್ಲ. ಒಂದೆರಡು ತಿಂಗಳಿಗೆ ಸಾಯ್ತವೆ, ಜಾಗಕ್ಕೆ ಹೊಸವು ಬರ್ತವೆ. ನೀವು ಹುಟ್ಟಿದಾಗಿನಿಂದಲೂ ಇದು ನಡೀತಾನೇ ಇದೆ.”

“ನನಗ ಗೊತ್ತಾಗಲಾರದಂಗ?”

“ನಿಮಗೆ ಗೊತ್ತಾಗದ ಹಾಗೇ. ಪದರದ ತಳದಲ್ಲಿ ತಾಯಿಕೋಶಗಳು ಅಂತ ಇರ್ತವೆ. ಹೊಸವನ್ನ ಹುಟ್ಟಿಸೋದು ಅವು. ಜ್ವರ ಅವುಗಳನ್ನ ಬಿಟ್ಟಿದ್ದರೆ ಮತ್ತೆ ಬೆಳೆಯತ್ತೆ.”

“ಬಿಟ್ಟಿರತೈತೇನ್ರಿ?” ಎಂದು ಕೇಳಿದವಳು ಬಸಲಿಂಗಮ್ಮ.

“ಮೇಲಿಂದ ನೋಡಿ ಹೇಳಕ್ಕಾಗಲ್ಲಮ್ಮ. ಹುಟ್ಟಿದರೆ ಮಾತ್ರ ಸಾಲದು ಕೂಡ. ಹೊಸ ಕೋಶ ಒಂದು ಎಳೆ ಬಿಡಬೇಕು. ಮೂಗಿಗೂ ಮಿದುಳಿಗೂ ನಡುವೆ ಜರಡಿ ಥರದ ಮೂಳೆ ಇದೆ. ಅದರ ತೂತಿನಲ್ಲಿ ಆ ಎಳೆ ಹತ್ತಿ ಹೋಗಿ, ಮಿದುಳಿನಲ್ಲಿ ತನ್ನ ಜಾಗ ಹುಡುಕಿಕೊಳ್ಳಬೇಕು. ಪ್ರತಿ ವಾಸನೆಗೂ ಅದರದ್ದೇ ಜಾಗ. ಆರು ತಿಂಗಳಾಗಬಹುದು, ವರ್ಷವಾಗಬಹುದು. ಆಗದೇ ಇರಬಹುದು.”

“ಔಷಧ?”

“ಇಲ್ಲ. ಇದೆ ಅಂತ ಯಾರಾದರೂ ಕೊಟ್ಟರೆ ತಗೋಬೇಡಿ.”

ಸೂಗಪ್ಪ ಹೆಂಡತಿಯೊಂದಿಗೆ ವಾಪಸು ಬಸ್ಸು ಹತ್ತಿದ. ಔಷಧ ಕೊಡದ ಡಾಕ್ಟರರನ್ನು ಅವನು ಅದೇ ಮೊದಲು ನೋಡಿದ್ದ.

ಬೇಸಿಗೆ ಕಳೆಯಿತು. ಬಸಲಿಂಗಮ್ಮ ದಿನಾ ಬರುತ್ತಿದ್ದಳು. ಮೊದಲು ಒಳ್ಳೆಯದು, ಕೆಟ್ಟದ್ದು ಎಂದಷ್ಟೇ ಹೇಳುತ್ತಿದ್ದವಳು ಬರಬರುತ್ತ ಊರಿನ ಹೆಸರು ಹೇಳತೊಡಗಿದಳು. ಇದು ನಾರಾಯಣಪೇಟೆಯದು, ಇದಕ್ಕೆ ಮೆಂತೆ ಹಾಕಿ ಕಾಸ್ಯಾರ. ಇದರ ಬೆಣ್ಣೆ ತೊಳೆದಿಲ್ಲ, ಮಜ್ಜಿಗೆಯ ಹುಳಿ ಉಳಿದದ. ಸೂಗಪ್ಪನಿಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಪರಿಚಯದವರ ಡಬ್ಬಿಯಲ್ಲಿ ಸಣ್ಣಪುಟ್ಟ ದೋಷವಿದ್ದರೆ ಅವನು ನೋಡದವನಂತೆ ಬಿಡುತ್ತಿದ್ದ. ಅವಳಿಗೆ ಯಾರೂ ಪರಿಚಯದವರಲ್ಲ.

ಜುಲೈಯಲ್ಲಿ ಅಮರೇಶಪ್ಪ ಎಂಟು ಡಬ್ಬಿ ತಂದ. ಸೂಗಪ್ಪ ಚಮಚ ಒಳಗೊಯ್ದ. ಅವಳು ಮೂಸಿ, “ಇದು ಚಲೋ ಐತಿ, ಆದ್ರ ಮ್ಯಾಲಿಂದು” ಎಂದಳು. “ಕಬ್ಬಿಣದ ಸರಳ ಇಳಸಿ ಡಬ್ಬಿ ನಡುವಿಂದು ತರ್ರಿ.”

“ಅಮರೇಶಪ್ಪನ ಮಾಲಿಗೆ ಸರಳ ಇಳಸಬೇಕಾ? ಏನ್ ತಿಳ್ಕೊಂತಾನ?”

“ಜನವರಿಯೊಳಗ ಕಮಟು ಕೊಟ್ಟವನೂ ಅವನ ಅಲ್ಲೇನ್ರಿ?”

ಸೂಗಪ್ಪ ಹೊರಗೆ ಬಂದು ಮುಜುಗರದಿಂದ ಕಬ್ಬಿಣದ ಉದ್ದ ಸರಳನ್ನು ಡಬ್ಬಿಯ ನಡುವಿಗೆ ಇಳಿಸಿ, ಹತ್ತಿದ್ದನ್ನು ಚಮಚಕ್ಕೆ ಸವರಿಕೊಂಡು ಮತ್ತೆ ಒಳಗೆ ಹೊರಟ. ಅಮರೇಶಪ್ಪ ದಾರಿಗೆ ಅಡ್ಡ ನಿಂತ.

“ಸೂಗಪ್ಪಣ್ಣ, ಏನಿದು? ಇಪ್ಪತ್ತು ವರ್ಷ ನನ್ನ ಮುಂದ ವಾಸನಿ ನೋಡಿದಿ. ಈಗೇನು ಒಳಗ ಹೋಗಿ ಹೊರಗ ಬರೂದು? ಇಲ್ಲೇ ನೋಡು. ನನ್ನ ಮುಖ ನೋಡಿ ಹೇಳು.”

ಪಕ್ಕದ ಅಂಗಡಿಯವರಿಬ್ಬರು ಕುತೂಹಲದಿಂದ ಇತ್ತ ತಿರುಗಿದರು. ಸೂಗಪ್ಪ ಚಮಚ ಹಿಡಿದು ನಿಂತ. ಮೂಗಿನ ತನಕ ಎತ್ತಿದ, ಇಳಿಸಿದ. ಅಷ್ಟರಲ್ಲಿ ಹಿಂದಿನ ಬಾಗಿಲು ಸರಿಯಿತು. ಬಸಲಿಂಗಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಅವನ ಕೈಯಿಂದ ಚಮಚ ತೆಗೆದುಕೊಂಡಳು. ಮುಂಗೈಗೆ ತಿಕ್ಕಿ ಎಲ್ಲರೆದುರು ಮೂಸಿದಳು.

“ಮ್ಯಾಲ ನಾಲ್ಕು ಬೆರಳು ಎಮ್ಮಿ ತುಪ್ಪ. ನಡುವ ವನಸ್ಪತಿ” ಎಂದಳು. “ಸುಳ್ಳಂದ್ರ ಕಾಸಿ ತೋರಸ್ತೀನಿ, ಅಣ್ಣಾರ.”

ಅಮರೇಶಪ್ಪ ಅವಳನ್ನು ನೋಡಿದ, ಸೂಗಪ್ಪನನ್ನು ನೋಡಿದ. ಕಾಸಿ ತೋರಿಸು ಎನ್ನಲಿಲ್ಲ. ತಾನು ಹಳ್ಳಿಯಲ್ಲಿ ಯಾರಿಂದಲೋ ಕೊಂಡದ್ದು, ನಡುವೆ ಏನಿದೆಯೆಂದು ತನಗೇನು ಗೊತ್ತು ಎಂದು ಗೊಣಗುತ್ತ ಎಂಟೂ ಡಬ್ಬಿಗಳನ್ನು ಬಂಡಿಗೆ ಏರಿಸಿದ. ಆ ವರ್ಷ ಅವನು ಮತ್ತೆ ಬರಲಿಲ್ಲ.

ಸಂಜೆಯೊಳಗೆ ಸೂಗಪ್ಪನ ಮೂಗು ಹೋದ ಸುದ್ದಿ ಇಡೀ ಬಜಾರಿಗೆ ಮುಟ್ಟಿತು. ಮೂರ್ನಾಲ್ಕು ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಒಬ್ಬ ವ್ಯಾಪಾರಿ ನಗುತ್ತ, “ಸೇಠ್, ಇನ್ನು ಸೇಠಾಣಿಯದೇ ರಾಜ್ಯವೋ?” ಎಂದ. ಆದರೆ ಬಚ್ಚಿಡುವುದಕ್ಕೆ ಏನೂ ಉಳಿಯದ್ದರಿಂದ ಮರುದಿನ ಬಸಲಿಂಗಮ್ಮ ಮುಂಬಾಗಿಲಿನಿಂದಲೇ ಬಂದು ಗದ್ದಿಗೆಯ ಇನ್ನೊಂದು ತುದಿಗೆ ಕೂತಳು. ದತ್ತಾತ್ರೇಯ ಆಚಾರ್ಯರು ಬಂದಾಗ ಸೂಗಪ್ಪ ಎಲ್ಲ ಹೇಳಿ, ಸುಳ್ಳಾಡಿದ್ದು ತಪ್ಪಾಯಿತೆಂದ. ಆಚಾರ್ಯರು ಬಸಲಿಂಗಮ್ಮನ ಕಡೆ ತಿರುಗಿ, “ಅಮ್ಮಾ, ನಾಲ್ಕನೇ ತಾರೀಖಿಗೆ ಹೋಳಿಗಿ ಊಟ ಐತಿ. ಆಕಳದ್ದು ಆರಿಸಿಕೊಡ್ರಿ” ಎಂದರು.

ಅಕ್ಟೋಬರಿನ ಮೊದಲ ವಾರ ಒಂದು ಬೆಳಿಗ್ಗೆ ಸೂಗಪ್ಪ ಚಹಾದ ಲೋಟ ಬಾಯಿಗಿಟ್ಟವನು ಹಾಗೇ ಕೆಳಗಿಟ್ಟ. ಸುಟ್ಟ ಕೂದಲಿನ ವಾಸನೆ, ಅದರೊಳಗೆ ಇನ್ನೇನೋ ಕೊಳೆತದ್ದು. ಹೆಂಡತಿಗೆ ಹೇಳಿದರೆ ಅವಳು ಹೊಸದಾಗಿ ಮಾಡಿಕೊಟ್ಟಳು. ಅದೂ ಹಾಗೇ. ಉಳ್ಳಾಗಡ್ಡಿಯ ವಗ್ಗರಣೆ, ಸಾಬೂನು, ಹಾಸಿಗೆಯ ಮೇಲಿನ ಚಾದರ, ಎಲ್ಲಕ್ಕೂ ಅದೇ ವಾಸನೆ. ನಾಲ್ಕು ದಿನ ಬರೀ ಮೊಸರನ್ನ ತಿಂದು, ಐದನೆಯ ದಿನ ಪ್ರಫುಲ್ಲಾ ಅವರ ಮುಂದೆ ಹೋಗಿ ಕೂತ.

ಅವರು ನಕ್ಕರು. “ಒಳ್ಳೇ ಸುದ್ದಿ.”

“ಇದಕ್ಕ ಒಳ್ಳೇ ಸುದ್ದಿ ಅಂತೀರೇನ್ರಿ? ಅನ್ನ ತಿನ್ನಾಕ ಆಗವಲ್ದು.”

“ಹೊಸ ಕೋಶಗಳು ಹುಟ್ಟಿವೆ, ಎಳೆಗಳು ಜರಡಿ ದಾಟಿವೆ. ಆದರೆ ಕೆಲವು ತಪ್ಪು ಜಾಗಕ್ಕೆ ಹೋಗಿ ಕೂತಿವೆ. ಚಹಾದ ಸುದ್ದಿ ತಂದ ಎಳೆ ಬೇರೆ ಯಾರದೋ ಮನೆ ಬಾಗಿಲು ತಟ್ಟಿದೆ ಅಂದ್ಕೊಳ್ಳಿ. ಅವೂ ಒಂದೆರಡು ತಿಂಗಳಿಗೆ ಸತ್ತು ಬೇರೆಯವು ಬರ್ತವೆ. ಒಂದೊಂದು ಸರದಿಗೂ ಸ್ವಲ್ಪ ಸರಿಹೋಗಬಹುದು. ತಾಳ್ಮೆ ಬೇಕು.”

ಸೂಗಪ್ಪ ತಾಳ್ಮೆಯಿಂದಿದ್ದ ಎನ್ನಲಾಗದು. ಮನೆಯಲ್ಲಿ ರೇಗುತ್ತಿದ್ದ, ಊಟದ ತಟ್ಟೆ ಸರಿಸುತ್ತಿದ್ದ. ಅಂಗಡಿಯಲ್ಲಿ ತುಪ್ಪದ ಡಬ್ಬಿ ತೆರೆದರೆ ಎದ್ದು ಹೊರಗೆ ಹೋಗುತ್ತಿದ್ದ. ತೂಕವೂ ಇಳಿಯಿತು.

ನವೆಂಬರ್ ಕಡೆಯ ವಾರ ಅಫ್ಜಲ್‌ಗಂಜಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಪಕ್ಕದಲ್ಲೊಬ್ಬ ಒದ್ದೆಯಾದ ಗೋಣಿಚೀಲ ಇಳಿಸಿದ. ಸೂಗಪ್ಪನಿಗೆ ಗೋಣಿಯ ವಾಸನೆ ಬಂತು. ಅದು ಗೋಣಿಯ ವಾಸನೆಯೇ, ಬೇರೇನಲ್ಲ. ಅವನು ಆ ಚೀಲದ ಹತ್ತಿರ ಸರಿದು ನಿಂತ. ಚೀಲದವನು ಅನುಮಾನದಿಂದ ನೋಡಿ ಅದನ್ನು ತನ್ನ ಕಾಲ ಬಳಿ ಎಳೆದುಕೊಂಡ.

ಡಿಸೆಂಬರಿನಲ್ಲಿ ಚಹಾ ಸರಿಹೋಯಿತು, ಉಳ್ಳಾಗಡ್ಡಿ ಸರಿಹೋಯಿತು. ಒಂದು ಮಧ್ಯಾಹ್ನ ಬಸಲಿಂಗಮ್ಮ ಊಟಕ್ಕೆ ಹಿಂದಿನ ಕೋಣೆಗೆ ಹೋಗಿದ್ದಾಗ, ಅವಳು ಬೆಳಿಗ್ಗೆ ಪಾಸು ಮಾಡಿದ ಡಬ್ಬಿ ತೆರೆದು ಮುಂಗೈಗೆ ತಿಕ್ಕಿಕೊಂಡ. ಎಮ್ಮೆಯದು, ಹದವಾಗಿ ಕಾಸಿದ್ದು. ಇನ್ನೊಂದು ತೆರೆದ. ಅದೂ ತಿಳಿಯಿತು. ಹೆಂಡತಿಯನ್ನು ಕೂಗಿ ಹೇಳಬೇಕೆಂದು ಎದ್ದವನು ಹಾಗೆಯೇ ಕೂತ.

ನಿಮ್ಮ ಮೂಗು ಬರೂತನಕ ಅಷ್ಟ ಎಂದಿದ್ದಳು. ಈಗ ಹೇಳಿದರೆ ನಾಳೆಯಿಂದ ಬರುವುದಿಲ್ಲ. ಮನೆಯಲ್ಲಿ ಮೆತ್ತಗೆ ಮಾತಾಡುವವಳು ಇಲ್ಲಿ ಮಾರವಾಡಿಗಳ ಜೊತೆ ಹಿಂದಿಯಲ್ಲಿ, ಹಳ್ಳಿಯವರ ಜೊತೆ ತೆಲುಗಿನಲ್ಲಿ ವಾದ ಮಾಡುವುದನ್ನು ಅವನು ಐದು ತಿಂಗಳಿಂದ ನೋಡುತ್ತಿದ್ದ. ಬೆಳಿಗ್ಗೆ ಅವನಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದಳು. ಬೀಗದ ಕೈ ಈಗ ಅವಳ ಸೊಂಟದಲ್ಲಿತ್ತು. ಆ ದಿನ ಅವನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ.

ಪ್ರಫುಲ್ಲಾ ಅವರ ಹತ್ತಿರ ಒಬ್ಬನೇ ಹೋದ. ಎಂಟು ಶೀಶೆಗಳಲ್ಲಿ ಏಳನ್ನು ಗುರುತಿಸಿದ. ಇಂಗು ಮಾತ್ರ ಹತ್ತಲಿಲ್ಲ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು ಅವರು.

“ಮನ್ಯಾಗ ತಿಳಸಬ್ಯಾಡ್ರಿ” ಎಂದ ಸೂಗಪ್ಪ.

“ಯಾಕೆ?”

“ಸುಮ್ನ.”

ಹೀಗೆ ಆರು ವಾರ ಕಳೆಯಿತು. ಜನವರಿಯ ಒಂದು ಭಾನುವಾರ, ಮಧ್ಯಾಹ್ನದ ಊಟವಾಗಿ ಬಸಲಿಂಗಮ್ಮ ಅಡಿಗೆಮನೆಯ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದ್ದಳು. ಸೂಗಪ್ಪ ಹೊರಗಿನ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ. ಗಾಳಿ ತಿರುಗಿದಾಗ ಮೂಗಿಗೆ ಗ್ಯಾಸಿನ ನಾತ ಬಡಿಯಿತು. ಪೇಪರ್ ಎಸೆದು ಓಡಿದ. “ಏಳ, ಗ್ಯಾಸ್! ಹೊರಗ ನಡಿ!” ಎಂದು ಕೂಗುತ್ತ ಅವಳ ರಟ್ಟೆ ಹಿಡಿದು ಎಬ್ಬಿಸಿದ. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದ. ಒಲೆಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು.

ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡ ಮೇಲೆ ಬಸಲಿಂಗಮ್ಮ ಅವನನ್ನು ನೋಡಿದಳು.

“ಯಾವಾಗ ಬಂತು?”

ಸೂಗಪ್ಪ ಮೊದಲು ತಿಳಿಯದವನಂತೆ ಮಾಡಿದ. ಆಮೇಲೆ, “ಡಿಸೆಂಬರದಾಗ” ಎಂದ.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಬರೂದು ಬಿಡ್ತಿದ್ದಿ.”

ಅವಳ ಮುಖ ಅರಳುತ್ತದೆಂದು ಅವನು ಎಣಿಸಿದ್ದ. ಅದು ಬಿಗಿಯಿತು. “ನಾ ನೋಡಿಟ್ಟ ಡಬ್ಬಿ ನೀವು ತೆಗದು ನೋಡ್ತಿದ್ರೇನು?”

“ಒಮ್ಮೊಮ್ಮೆ.”

“ತಪ್ಪು ಎಷ್ಟು?”

“ಒಂದ. ಸಂಕ್ರಾಂತಿ ಮುಂದ ಆಕಳದ್ದು ಅಂತ ಒಂದು ಬ್ಯಾರೆ ಇಟ್ಟಿ. ಅರ್ಧ ಎಮ್ಮಿದಿತ್ತು.”

“ಅದು ಆಚಾರ್ರಿಗೆ ಹೋತು!”

“ಹೂಂ.”

“ನಾ ತಪ್ಪು ಹೇಳಾಕತ್ತೀನಿ ಅಂತ ಗೊತ್ತಿದ್ದೂ ಸುಮ್ಮ ಕುಂತ್ರಿ. ಹುಡುಗರ ಆಟ ಆಡಾಕ ಬಿಟ್ಟಂಗ ಬಿಟ್ರಿ ನನ್ನ.” ಎದ್ದು ಒಳಗೆ ಹೋದಳು.

ಸೋಮವಾರ ಅವಳು ಅಂಗಡಿಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬೀಗದ ಕೈ ದೇವರ ಜಗಲಿಯ ಮೇಲಿಟ್ಟಿದ್ದಳು. ಸೂಗಪ್ಪ ಒಬ್ಬನೇ ಗದ್ದಿಗೆಯ ಮೇಲೆ ಕೂತು, ಬಂದ ಡಬ್ಬಿಗಳನ್ನು ತಾನೇ ಮೂಸಿ, ಕೇಳಿದವರಿಗೆಲ್ಲ ಮೂಗು ಬಂತೆಂದು ಹೇಳಿದ. ಜನ ಸಂತೋಷಪಟ್ಟರು. ಸಂತೋಷಪಟ್ಟ ಮೇಲೆ ಎಲ್ಲರೂ, “ಅಮ್ಮಾವ್ರೆಲ್ಲಿ?” ಎಂದು ಕೇಳಿದರು. ಮಂಗಳವಾರ ಸಂಜೆ ಅವನು ಹಿಮಾಯತ್‌ನಗರಕ್ಕೆ ಹೋಗಿ ಆಚಾರ್ಯರಿಗೆ ಆ ಡಬ್ಬಿಯ ಸಂಗತಿ ತಿಳಿಸಿ, ಬದಲಿಗೆ ಬೇರೆ ಕೊಟ್ಟು ಬಂದ. ಮನೆಗೆ ಬಂದು ಕೈಕಾಲು ತೊಳೆದು ಹೇಳಿದ:

“ಆಚಾರ್ರಿಗೆ ಹೇಳಿ ಬಂದೆ. ತಪ್ಪು ನಂದು, ಗೊತ್ತಿದ್ದೂ ಸುಮ್ಮನಿದ್ದೆ ಅಂತ ಹೇಳೀನಿ.”

ಬಸಲಿಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅದು ಅರ್ಧ ಎಮ್ಮಿದು ಅಂತ ಹ್ಯಾಂಗ ತಿಳೀತು ನಿಮಗ?” ಎಂದು ಕೇಳಿದಳು.

“ಬಿಸಿ ಕೈಗೆ ತಿಕ್ಕಿ ತಡದು ನೋಡಬೇಕು. ಆಕಳದ್ದು ಲಗೂನ ಹಾರತೈತಿ. ಎಮ್ಮಿದು ಹಿಂದ ಉಳೀತೈತಿ.”

“ಮೊದ್ಲ ಹೇಳಿದ್ರ ಕಲೀತಿದ್ದೆ.”

ಬುಧವಾರ ಹತ್ತು ಗಂಟೆಯ ಹೊತ್ತಿಗೆ ಅವಳು ಅಂಗಡಿಗೆ ಬಂದಳು. ನಾರಾಯಣಪೇಟೆಯ ಒಬ್ಬ ಮಾಲು ಇಳಿಸುತ್ತಿದ್ದ. ಸೂಗಪ್ಪ ಮುಂಗೈ ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿದ್ದ. ಅವಳು ಅವನನ್ನು ಆಚೆ ಸರಿಸಿ ಕೂತು, ಅದೇ ಡಬ್ಬಿಯಿಂದ ತುಪ್ಪ ತೆಗೆದು ತಿಕ್ಕಿಕೊಂಡಳು.

“ಹಸಿ ಉಳದೇತಿ. ಇನ್ನೊಂದು ಕುದಿ ಬೇಕಿತ್ತು” ಎಂದಳು.

“ಏನೂ ಹಸಿ ಇಲ್ಲ. ಸರಿಯಾಗೇತಿ” ಎಂದ ಸೂಗಪ್ಪ.

“ಹಸಿ ಐತಿ.”

“ಮೂವತ್ತು ವರ್ಷ ನಾ ಇದನ್ನ ಮಾಡೀನಿ.”

“ನಡುವ ಒಂದು ವರ್ಷ ಬಿಟ್ಟು” ಎಂದಳು ಬಸಲಿಂಗಮ್ಮ.

ನಾರಾಯಣಪೇಟೆಯವನು ಇಬ್ಬರ ಮುಖವನ್ನೂ ನೋಡುತ್ತ ನಿಂತ. ಆಮೇಲೆ ಇದು ಬೇಗ ತೀರುವ ವಾದವಲ್ಲವೆಂದು ತಲೆಯ ವಸ್ತ್ರ ಬಿಚ್ಚಿ, ಡಬ್ಬಿಯ ಪಕ್ಕದಲ್ಲೇ ಕೂತುಕೊಂಡ.